ಸೊಂಟದ ಅಳತೆಗೆ ಬಿದ್ದ ಬೀಗ

ಜಗತ್ತಿನಲ್ಲಿ ಪುಕ್ಕಟೆಯಾಗಿ ಸಿಗುವ ವಸ್ತುಗಳು ಎಲ್ಲೆಲ್ಲೋ ಹುಟ್ಟುತ್ತವೆ. ಕೊನೆಗೆ ಬಂದು ಸೇರುವುದು ಮಾತ್ರ ಪುಕ್ಕಟೆರಾಯನ ಮನೆಗೆ. ನೀರು ಸರಬರಾಜು ಕಚೇರಿಯ ಈ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು. ಅದು ತಿಂಗಳಿಗೊಮ್ಮೆ ಸಂಬಳದ ಚೀಟಿಯ ಮೇಲೆ ಮುಖ ತೋರಿಸಿ ಮಾಯವಾಗುತ್ತಿತ್ತು. ಅವನ ಕೊಡೆಯ ಮೇಲೆ ವಿಮೆಯ ಜಾಹೀರಾತು, ಟೋಪಿಯ ಮೇಲೆ ಬಣ್ಣದ ಡಬ್ಬಿಯ ಚಿತ್ರ, ಅಂಗಿಯ ಬೆನ್ನ ಮೇಲೆ ‘ರಕ್ತದಾನ ಮಾಡಿ’ ಎಂಬ ಉಪದೇಶ. ರಕ್ತ ಕೊಟ್ಟಿದ್ದನೇ ಎಂದು ಕೇಳಿದರೆ, ಅಂಗಿ ಹಂಚುವ ಸಾಲಿನಲ್ಲಿ ನಿಂತಿದ್ದ, ಅಷ್ಟೇ. ಒಮ್ಮೆ ಪುಕ್ಕಟೆ ಕಣ್ಣಿನ ಪರೀಕ್ಷೆಗೆ ಹೋದವನು, ಪಕ್ಕದ ಕೋಣೆಯಲ್ಲಿ ಹಲ್ಲು ಕೀಳುವುದೂ ಪುಕ್ಕಟೆ ಎಂದು ತಿಳಿದು, ಗಟ್ಟಿಮುಟ್ಟಾಗಿದ್ದ ಒಂದು ದವಡೆ ಹಲ್ಲನ್ನು ಕೀಳಿಸಿಕೊಂಡು ಬಂದಿದ್ದ. ಆ ಹಲ್ಲನ್ನೂ ಅಲ್ಲಿ ಬಿಡಲಿಲ್ಲ, ಜೇಬಿನಲ್ಲಿ ಹಾಕಿಕೊಂಡು ತಂದ.

ಅವನ ಹೆಂಡತಿ ಟೈಲರ್. ಅವಳ ಕತ್ತರಿಯನ್ನು ಕಂಡರೆ ಬಟ್ಟೆ ತಾನಾಗಿಯೇ ಎರಡು ಭಾಗವಾಗಿ ದಾರಿ ಬಿಡುತ್ತದೆ ಎಂದು ಬೀದಿಯವರ ನಂಬಿಕೆ. ಆದರೆ ಅಂಗಡಿ ಇರಲಿಲ್ಲ. ಊಟದ ಮೇಜೇ ಅಂಗಡಿ. ಮೇಜಿನ ಮೇಲೆ ಸದಾ ಯಾರದೋ ತೋಳು, ಯಾರದೋ ಕಾಲರು ಹರಡಿಕೊಂಡಿರುತ್ತಿದ್ದುದರಿಂದ ಗಂಡ, ಹೆಂಡತಿ ಮತ್ತು ಹೆಂಡತಿಯ ತಾಯಿ ಮೂವರೂ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತು ಊಟ ಮಾಡುತ್ತಿದ್ದರು. ಹೊಸಬರು ಕಿಟಕಿಯಿಂದ ನೋಡಿದರೆ ಆ ಮನೆಯಲ್ಲಿ ಎಲ್ಲರೂ ಬಸ್ಸಿಗೆ ಕಾಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಈ ನಿಂತ ಊಟಕ್ಕೆ ಮುಕ್ತಿ ಸಿಗುವ ಕಾಲ ಹತ್ತಿರ ಬಂದಿತ್ತು. ಬಡಾವಣೆಯವರು ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಎದುರು ಮನೆಯ ಹೆಡ್‌ಮಿಸ್ಟ್ರೆಸ್ ದೊಡ್ಡ ಡ್ರಮ್ಮು, ಮಹಡಿ ಮೇಲಿನ ಪೊಲೀಸ್ ಇನ್ಸ್‌ಪೆಕ್ಟರು ಕಹಳೆ, ಬೇಕರಿಯ ಯಜಮಾನರು ಕ್ಲಾರಿನೆಟ್. ಮಿಕ್ಕವರು ಕೈಗೆ ಸಿಕ್ಕಿದ್ದು. ಸ್ಪರ್ಧೆಗೆ ಹೋಗಲು ಎಲ್ಲರಿಗೂ ಹಿತ್ತಾಳೆ ಗುಂಡಿಯ ಕೋಟು ಬೇಕಿತ್ತು. ಆ ಕೆಲಸ ಟೈಲರಮ್ಮನಿಗೆ ಬಂತು. “ಕೋಟು ನೋಡ್ತೀನಿ. ಚೆನ್ನಾಗಿದ್ರೆ ಬೇಕರಿ ಪಕ್ಕದ ನಮ್ಮ ಖಾಲಿ ಮಳಿಗೆ ನಿಮಗೇ ಕೊಡ್ತೀನಿ,” ಎಂದು ಬೇಕರಿಯವರು ಮಾತು ಕೊಟ್ಟರು.

ಅಳತೆ ತೆಗೆಯುವುದು ಸಾಮಾನ್ಯ ಸಾಹಸವಾಗಿರಲಿಲ್ಲ. ಒಬ್ಬೊಬ್ಬರೂ ಬಾಗಿಲು ಹಾಕಿಸಿ, ಕಿಟಕಿ ಮುಚ್ಚಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡ ಮೇಲೆಯೇ ಹೊಟ್ಟೆಯ ಉಸಿರು ಬಿಟ್ಟರು. ಆ ಅಳತೆಗಳನ್ನೂ, ಅವುಗಳಿಂದ ವಾರಗಟ್ಟಲೆ ಕೂತು ಬರೆದ ಕೋಟಿನ ನಕ್ಷೆಗಳನ್ನೂ ಅವಳು ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಭಾನುವಾರ ನಕ್ಷೆ ಮುದ್ರಿಸಿ ಬಟ್ಟೆ ಕತ್ತರಿಸಬೇಕು. ತಡವಾದರೆ ಸ್ಪರ್ಧೆಯೂ ಇಲ್ಲ, ಮಳಿಗೆಯೂ ಇಲ್ಲ.

ಹೆಂಡತಿಗೆ ಒಂದು ಆಸೆಯಿತ್ತು: ನಕ್ಷೆ ಬರೆಯುವ ಒಂದು ಒಳ್ಳೆಯ ಸಾಫ್ಟ್‌ವೇರ್. ಅದರ ಬೆಲೆ ಕೇಳಿ ಪುಕ್ಕಟೆರಾಯನಿಗೆ ಕೂತಲ್ಲೇ ನೆಗಡಿಯಾಗಿತ್ತು. ಆದರೆ ಗುರುವಾರ ಸಂಜೆ, ಹೆಂಡತಿ ಗುಂಡಿ ತರಲು ಹೋಗಿದ್ದಾಗ, ಅವನಿಗೆ ಇಂಟರ್‌ನೆಟ್ಟಿನ ಯಾವುದೋ ಸಂದಿಯಲ್ಲಿ ಅದೇ ಸಾಫ್ಟ್‌ವೇರ್ ಸಂಪೂರ್ಣ ಉಚಿತವಾಗಿ ಸಿಕ್ಕಿಬಿಟ್ಟಿತು. ತಕ್ಷಣ ಇಳಿಸಿಕೊಂಡ. ಮುಂದಕ್ಕೆ ಹೋಗಬೇಕಾದರೆ ಕಂಪ್ಯೂಟರಿನ ವೈರಸ್ ಕಾವಲನ್ನು ಆಫ್ ಮಾಡಿ ಎಂದು ಅದು ಕೇಳಿತು. ದೊಡ್ಡ ಅತಿಥಿ ಬರುವಾಗ ನಾಯಿಯನ್ನು ಕಟ್ಟಿಹಾಕುವುದು ಸಭ್ಯತೆ ಎಂದುಕೊಂಡು ಕಾವಲನ್ನು ಆಫ್ ಮಾಡಿದ. ಒಪ್ಪುತ್ತೀರಾ ಎಂದು ಕೇಳಿತು, ಒಪ್ಪಿದ. ಮತ್ತೆ ಕೇಳಿತು, ಮತ್ತೆ ಒಪ್ಪಿದ. ಆ ಹೊತ್ತಿನಲ್ಲಿ ಮನೆಯನ್ನೇ ಬರೆದುಕೊಡಿ ಎಂದಿದ್ದರೂ ಒಪ್ಪುತ್ತಿದ್ದ.

ಪರದೆ ಪಟ್ಟನೆ ಕೆಂಪಾಯಿತು. ನಡುವೆ ಒಂದು ದೊಡ್ಡ ಬೀಗದ ಚಿತ್ರ, ಕೆಳಗೆ ಇರುವೆ ಸಾಲಿನಂತೆ ಇಂಗ್ಲಿಷ್, ಪಕ್ಕದಲ್ಲಿ ಹಿಂದಕ್ಕೆ ಓಡುವ ಗಡಿಯಾರ. ಪುಕ್ಕಟೆರಾಯ ಬೀಗವನ್ನು ಭದ್ರತೆ ಎಂದೂ, ಗಡಿಯಾರವನ್ನು ಸಾಫ್ಟ್‌ವೇರ್ ಸಿದ್ಧವಾಗಲು ಬೇಕಾದ ಸಮಯ ಎಂದೂ ಅರ್ಥ ಮಾಡಿಕೊಂಡ. ಇಂಗ್ಲಿಷನ್ನು ಓದಲಿಲ್ಲ. ಪುಕ್ಕಟೆ ಕೊಡುವವರು ಬರೆದದ್ದನ್ನು ಓದುವುದು ಅವರನ್ನು ಅನುಮಾನಿಸಿದಂತೆ ಎಂಬುದು ಅವನ ಸಿದ್ಧಾಂತ. ಲೆಕ್ಕ ಹಾಕಿ ನೋಡಿದರೆ ಗಡಿಯಾರ ಸೊನ್ನೆಗೆ ಬರುವುದು ಸರಿಯಾಗಿ ಭಾನುವಾರ ಸಂಜೆ.

ಹೆಂಡತಿ ಬರುವಷ್ಟರಲ್ಲಿ ಕಂಪ್ಯೂಟರಿನ ಮೇಲೆ ಹೊದಿಕೆ ಬಿದ್ದಿತ್ತು.

“ರೀ, ಇದೇನು ಇದಕ್ಕೆ ಚಳಿಯಾ?”

“ಭಾನುವಾರದ ತನಕ ಮುಟ್ಟಬೇಡ. ನಿನಗೊಂದು ಉಡುಗೊರೆ ಒಳಗೆ ತಯಾರಾಗ್ತಿದೆ.”

ಗಂಡನಿಂದ ‘ಉಡುಗೊರೆ’ ಎಂಬ ಪದ ಕೇಳಿ ಅವಳು ಮೂರ್ಛೆ ಹೋಗಲಿಲ್ಲ, ಪಕ್ಕದಲ್ಲಿದ್ದ ಕುರ್ಚಿಯನ್ನು ಹಿಡಿದುಕೊಂಡಳು. ಮಾರನೆಯ ದಿನದಿಂದ ಪುಕ್ಕಟೆರಾಯ ಬೀದಿಯಲ್ಲಿ ನಡೆಯಲಿಲ್ಲ, ತೇಲಿದ. ಕಂಡಕಂಡವರನ್ನೆಲ್ಲ ಉದ್ಘಾಟನೆಗೆ ಕರೆದ. “ಜಗತ್ತಿನ ಅತ್ಯಂತ ದುಬಾರಿ ಸಾಫ್ಟ್‌ವೇರ್. ನಿಮ್ಮ ಅಳತೆ, ನಕ್ಷೆ ಎಲ್ಲ ಅದರೊಳಗೆ ಭದ್ರ. ನನ್ನ ಕೈಯಲ್ಲೇ ತೆಗೆಯೋಕಾಗಲ್ಲ, ಅಂಥ ಬೀಗ,” ಎಂದು ಹೇಳಿಕೊಂಡು ಬಂದ. ಅವನ ಜೀವನದಲ್ಲಿ ಅವನಾಡಿದ ಅತ್ಯಂತ ಸತ್ಯವಾದ ಮಾತು ಅದು.

ಗಡಿಯಾರ ಸೊನ್ನೆಗೆ ಬರುವುದನ್ನು ಕಣ್ಣಾರೆ ನೋಡಲು ಭಾನುವಾರ ಮಧ್ಯಾಹ್ನವೇ, ಇನ್ಸ್‌ಪೆಕ್ಟರೊಬ್ಬರನ್ನು ಬಿಟ್ಟು, ಇಡೀ ಬ್ಯಾಂಡು ಅವನ ಹಾಲಿನಲ್ಲಿ ತುಂಬಿತ್ತು. ಹೆಡ್‌ಮಿಸ್ಟ್ರೆಸ್‌ಗೆ ಕಂಪ್ಯೂಟರಿನ ಮುಂದಿನದು ಬಿಟ್ಟರೆ ಇದ್ದೊಂದು ಕುರ್ಚಿ. ಬೇಕರಿಯವರು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ. ಪುಕ್ಕಟೆರಾಯ ಗಂಟಲು ಸರಿಪಡಿಸಿಕೊಂಡು ಹೊದಿಕೆ ಎಳೆದ. ಕೋಣೆಯೆಲ್ಲ ಕೆಂಪಾಯಿತು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಹೆಡ್‌ಮಿಸ್ಟ್ರೆಸ್ ಮಾತ್ರ ಕನ್ನಡಕ ಏರಿಸಿ ಇಂಗ್ಲಿಷ್ ಓದಲು ಶುರುಮಾಡಿದರು. ಮಕ್ಕಳ ಪ್ರಬಂಧ ತಿದ್ದಿ ಅಭ್ಯಾಸ; ಮೊದಲು ಎರಡು ವ್ಯಾಕರಣ ದೋಷಗಳನ್ನು ಹಿಡಿದರು, ಆಮೇಲೆ ಅರ್ಥಕ್ಕೆ ಇಳಿದರು.

“ಇದು ಸಾಫ್ಟ್‌ವೇರ್ ಅಲ್ಲ, ಬೆದರಿಕೆ ಪತ್ರ,” ಎಂದರು.

“ಹೊಸ ಮಾದರಿ ಇರಬೇಕು ಮೇಡಂ,” ಎಂದ ಪುಕ್ಕಟೆರಾಯ.

“ಸುಮ್ಮನಿರಿ. ‘ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ. ಗಡಿಯಾರ ಮುಗಿಯುವುದರೊಳಗೆ ಹಣ ಕೊಡದಿದ್ದರೆ ಬೀಗದ ಕೈ ನಾಶ. ಫೈಲುಗಳಲ್ಲಿ ಇರುವುದನ್ನೆಲ್ಲ ಊರಿಗೇ ಪ್ರಕಟಿಸುತ್ತೇವೆ.’”

“ಫೈಲುಗಳಲ್ಲಿ ಏನಿದೆ?” ಎಂದು ಯಾರೋ ಕೇಳಿದರು.

“ನಿಮ್ಮ ಸೊಂಟ,” ಎಂದಳು ಟೈಲರಮ್ಮ.

ಆ ಮಾತಿಗೆ ಹೊರಗೆ ಹಾರುತ್ತಿದ್ದ ಕಾಗೆ ಆಕಾಶದಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನನ್ನ ಸೊಂಟ ಪ್ರಕಟವಾದರೆ ಶಾಲೆಯ ಗೇಟು ದಾಟಲಾರೆ ಎಂದು ಹೆಡ್‌ಮಿಸ್ಟ್ರೆಸ್. ಬೇಕರಿಯವನ ಹೊಟ್ಟೆ ನೋಡಿ ಯಾರಾದರೂ ಕೇಕು ಕೊಳ್ಳುತ್ತಾರೆಯೇ ಎಂದು ಬೇಕರಿಯವರು. ಹೆಂಡತಿ ಮಾತ್ರ ಮೇಜಿನ ಮೇಲೆ ಕತ್ತರಿಗಾಗಿ ಕಾಯುತ್ತಿದ್ದ ನೀಲಿ ಬಟ್ಟೆಯ ಥಾನನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಕತ್ತರಿಯನ್ನು ನೋಡಿದಳು. ಪುಕ್ಕಟೆರಾಯ ಮೆಲ್ಲಗೆ ಅತ್ತೆಯ ಹಿಂದಕ್ಕೆ ಸರಿದ.

ಸುದ್ದಿ ತಿಳಿದು ಇನ್ಸ್‌ಪೆಕ್ಟರು ಮಹಡಿಯಿಂದ ಕಹಳೆಯ ಸಮೇತ ಇಳಿದುಬಂದರು.

“ಕಳ್ಳ ಎಲ್ಲಿ?”

“ಒಳಗೇ ಇದ್ದಾನೆ ಸಾರ್,” ಎಂದು ಅತ್ತೆ ಕಂಪ್ಯೂಟರ್ ತೋರಿಸಿದರು.

ಇನ್ಸ್‌ಪೆಕ್ಟರು ಅಭ್ಯಾಸಬಲದಿಂದ ಪರದೆಯನ್ನು ಎರಡು ಸಲ ತಟ್ಟಿ, “ಮರ್ಯಾದೆಯಾಗಿ ಹೊರಗೆ ಬಾ,” ಎಂದರು. ಗಡಿಯಾರ ಓಡುತ್ತಲೇ ಇತ್ತು. ಅವರು ಬೆವರು ಒರೆಸಿಕೊಂಡು ಟೈಲರಮ್ಮನ ಕಿವಿಯ ಹತ್ತಿರ ಬಗ್ಗಿದರು. “ಅಮ್ಮ, ನಂದೂ ಇದೆಯಾ ಇದರಲ್ಲಿ?”

“ಇದೆ ಸಾರ್.”

“ಇಲಾಖೆಗೆ ಕೊಟ್ಟಿರೋ ಫಿಟ್‌ನೆಸ್ ರಿಪೋರ್ಟಲ್ಲಿ ಬೇರೆ ಇದೆ.” ನೆಟ್ಟಗೆ ನಿಂತು ಜೋರಾಗಿ, “ಇದು ರಾಜ್ಯದ ಭದ್ರತೆಯ ವಿಷಯ,” ಎಂದರು.

ಹಣ ಕೊಟ್ಟು ಮುಗಿಸೋಣ ಎಂಬ ಮಾತು ಬಂತು. ಯಾರು ಎಷ್ಟು ಎಂಬ ಪ್ರಶ್ನೆ ಎದ್ದಿತು. ಬೇಕರಿಯವರು ನ್ಯಾಯವಂತರು. “ಸೊಂಟ ಎಷ್ಟು ಇಂಚೋ ಅಷ್ಟು ಪಾಲು,” ಎಂದರು. ಆ ಕ್ಷಣದಿಂದ ಯಾರೂ ಹಣದ ಮಾತೆತ್ತಲಿಲ್ಲ.

ಅತ್ತೆಗೆ ಮಾತ್ರ ಇನ್ನೂ ಆಸೆ ಇತ್ತು. ಆಕೆ ಅರ್ಧ ಬೆಲೆಗೆ ಕೇಳಿ, ಕಾಲು ಬೆಲೆಗೆ ಕೊಂಡು, ಮೇಲೊಂದು ಚೀಲ ಈಸಿಕೊಂಡು ಬರುವ ಹೆಂಗಸು. ಪರದೆಯ ಮೂಲೆಯಲ್ಲಿ ಕಳ್ಳರಿಗೆ ಬರೆಯಲು ಒಂದು ಚೌಕವಿತ್ತು. “ಅಳಿಯಂದ್ರೇ, ಕೂತ್ಕೊಳ್ಳಿ, ನಾನು ಹೇಳ್ತೀನಿ, ಒತ್ತಿ,” ಎಂದರು. “ಬೀಗ ಏನೋ ಚೆನ್ನಾಗಿದೆ, ಆದ್ರೆ ರೇಟು ಜಾಸ್ತಿ ಆಯ್ತು.”

ಹೆಡ್‌ಮಿಸ್ಟ್ರೆಸ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಅಳಿಯ ಒತ್ತಿದ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಬೆಲೆ ಇಳಿಯುವುದಿಲ್ಲ.

“ಎಲ್ಲಾ ಬೇಡ, ಬರೀ ತೋಳಿನ ಅಳತೆ ಬಿಡಿಸಿಕೊಡೋಕೆ ಎಷ್ಟಾಗತ್ತೆ, ಕೇಳಿ.”

ಬಿಡಿಯಾಗಿ ಕೊಡುವುದಿಲ್ಲ ಎಂದು ಬಂತು.

“ನೋಡಿಕೊಂಡು ಹೇಳಿ ಅಪ್ಪ. ಮುಂದಕ್ಕೂ ನಿಮ್ಮ ಹತ್ರಾನೇ ಬರ್ತೀವಿ.”

ಇದಕ್ಕೆ ಬಹಳ ಹೊತ್ತು ಉತ್ತರ ಬರಲಿಲ್ಲ. ಪ್ರಪಂಚದ ಯಾವುದೋ ಮೂಲೆಯಲ್ಲಿ ಕಳ್ಳರ ಗುಂಪೊಂದು ತಲೆ ಕೆರೆದುಕೊಂಡು ಕೂತಿದ್ದು ಇಲ್ಲಿಗೇ ಕಾಣಿಸುವಂತಿತ್ತು. ಅತ್ತೆ, “ಎದ್ದು ಹೊರಟ ಹಾಗೆ ಮಾಡಿ, ಕರೀತಾರೆ,” ಎಂದು ಅಳಿಯನನ್ನು ಕುರ್ಚಿಯಿಂದ ಎಬ್ಬಿಸಿ ಬಾಗಿಲ ತನಕ ನಡೆಸಿದರು. ಕಳ್ಳರು ಕರೆಯಲಿಲ್ಲ.

ಬಾಗಿಲ ತನಕ ನಡೆದ ಪುಕ್ಕಟೆರಾಯನಿಗೆ ಎದುರಾದದ್ದು ರಿಪೇರಿ ಅಕ್ಕ. ಬಸ್ ನಿಲ್ದಾಣದ ಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ, ತನಗಿಂತ ಬುದ್ಧಿವಂತರು ಇನ್ನೂ ಹುಟ್ಟಿಲ್ಲ ಎಂದು ಬೋರ್ಡಿನಲ್ಲೇ ಬರೆಸಿಕೊಂಡ ಹೆಂಗಸು. ಟೈಲರಮ್ಮ ಸದ್ದಿಲ್ಲದೆ ಫೋನು ಮಾಡಿ ಕರೆಸಿದ್ದಳು. ಅಕ್ಕ ಒಳಗೆ ಬಂದವಳೇ ಮೊದಲು ಗೋಡೆಯ ಇಂಟರ್‌ನೆಟ್ ತಂತಿಯನ್ನು ಕಿತ್ತಳು.

“ಅಯ್ಯೋ, ನಾನು ಮಾತುಕತೆ ನಡೆಸ್ತಿದ್ದೆ,” ಎಂದರು ಅತ್ತೆ.

“ಕಳ್ಳನ ಜೊತೆ ಹರಟೆ ಹೊಡೀತಾರಾ ಅಮ್ಮ? ವೈರಸ್ ಕಾವಲು ಆಫ್ ಮಾಡಿದ್ದು ಯಾರು?”

“ಅವರೇ ಮಾಡಿ ಅಂದ್ರು,” ಎಂದ ಪುಕ್ಕಟೆರಾಯ.

“ಬಾಗಿಲ ಚಿಲಕ ತೆಗೀರಿ ಅಂತ ಕಳ್ಳ ಹೇಳಿದ, ತೆಗೆದ್ರಿ. ಇಂಥ ಗಿರಾಕಿಗಳಿಂದಲೇ ನಾನು ಮನೆ ಕಟ್ಟಿಸಿದ್ದು.”

ಅಕ್ಕ ಪರ್ಸಿನಿಂದ ಒಂದು ಪೆನ್ ಡ್ರೈವ್ ತೆಗೆದು ಸಿಕ್ಕಿಸಿದಳು. ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಿ, ಒಳಗೆಲ್ಲ ಹುಡುಕಿಸಿ, ಪುಕ್ಕಟೆ ಸಾಫ್ಟ್‌ವೇರಿನ ವೇಷದಲ್ಲಿ ಕೂತಿದ್ದ ಕಳ್ಳನನ್ನು ಬುಡಸಮೇತ ಅಳಿಸಿದಳು. ಕೆಂಪು ಪರದೆ ಹೋಯಿತು. ಗಡಿಯಾರ ನಿಂತಿತು. ಇನ್ಸ್‌ಪೆಕ್ಟರು ತಮ್ಮಿಂದಲೇ ಆಯಿತೆಂಬಂತೆ ಮೀಸೆ ತಿರುವಿದರು.

“ಕಳ್ಳ ಹೋದ. ಅವನು ಹಾಕಿದ ಬೀಗ ಹೋಗಿಲ್ಲ, ಫೈಲು ಯಾವುದೂ ತೆರೆಯಲ್ಲ,” ಎಂದಳು ಅಕ್ಕ. “ಆದ್ರೆ ಇವನು ನನಗೆ ಹಳೇ ಪರಿಚಯ. ಈ ಜಾತಿಯವನು ಬರೀ ಬೀಗ ಹಾಕ್ತಾನೆ, ಏನನ್ನೂ ಹೊತ್ಕೊಂಡು ಹೋಗಲ್ಲ. ಪ್ರಕಟ ಮಾಡ್ತೀನಿ ಅನ್ನೋದು ಬಾಯಿ ಬಡಾಯಿ.”

ಇದನ್ನು ಕೇಳಿದ್ದೇ ತಡ, ಬ್ಯಾಂಡಿನವರ ಮುಖ ಅರಳಿತು. ಎಲ್ಲರಿಗೂ ಮನೆಯಲ್ಲಿ ಏನೇನೋ ಕೆಲಸ ನೆನಪಾಗಿ ಚಪ್ಪಲಿ ಹುಡುಕತೊಡಗಿದರು.

ಟೈಲರಮ್ಮ ಬಾಗಿಲಿಗೆ ಅಡ್ಡ ನಿಂತಳು. “ಎಲ್ಲಿಗೆ ಹೊರಟ್ರಿ? ನಕ್ಷೆ ಇಲ್ಲದೆ ಕೋಟು ಎಲ್ಲಿಂದ ಬರತ್ತೆ? ಅಷ್ಟು ನಕ್ಷೆ ಮತ್ತೆ ಬರೆಯೋ ಹೊತ್ತಿಗೆ ಸ್ಪರ್ಧೆ ಮುಗಿದು ಕಪ್ಪಿಗೆ ಧೂಳು ಹಿಡಿದಿರತ್ತೆ. ನೀವು ಬನಿಯನ್‌ನಲ್ಲಿ ಕಹಳೆ ಊದ್ತೀರಾ ಸಾರ್? ನನಗೆ ಆ ಮಳಿಗೆ ಬೇಕು. ನಿಂತು ನಿಂತು ಊಟ ಮಾಡಿ ನಮ್ಮಮ್ಮನ ಕಾಲು ಕಂಬ ಆಗಿದೆ.”

“ಬೀಗ ತೆಗೆಯೋ ಉಪಾಯ ಇದೆ,” ಎಂದಳು ಅಕ್ಕ. “ಇವನ ಬೀಗ ಒಡೆಯೋ ಸಾಫ್ಟ್‌ವೇರನ್ನ ತಜ್ಞರು ಮಾಡಿ ಇಟ್ಟಿದ್ದಾರೆ. ಅದೂ ಪುಕ್ಕಟೆ.”

‘ಪುಕ್ಕಟೆ’ ಎಂದಾಗ ಮನೆಯೊಡೆಯನ ಕಣ್ಣು ಹೊಳೆಯಿತು. ಇಡೀ ಸಭೆ ಅವನ ಕಡೆ ತಿರುಗಿ ನೋಡಿತು. ಕಣ್ಣು ತಾನಾಗಿ ಮಂಕಾಯಿತು.

“ಒಂದು ಷರತ್ತು. ಬೀಗ ಬಿದ್ದಿರೋ ಯಾವುದಾದ್ರೂ ಒಂದು ಫೈಲಿನ ಬೀಗ ಬೀಳದ ಮೂಲ ಪ್ರತಿ ಬೇಕು. ಎರಡನ್ನೂ ಹೋಲಿಸಿ ಅದೇ ಬೀಗದ ಕೈ ತಯಾರು ಮಾಡತ್ತೆ. ಒಂದು ಚುಕ್ಕೆ ಆಚೀಚೆ ಆದ್ರೂ ನಡೆಯಲ್ಲ. ಅಳತೆ ಫೈಲನ್ನ ಯಾರಿಗಾದ್ರೂ ಕಳಿಸಿದ್ರಾ?”

“ಎಲ್ಲರಿಗೂ ಕಳಿಸಿದ್ದೆ, ಅವರವರ ಅಳತೆ ಅವರವರ ಫೋನಿಗೆ. ಸರಿ ಇದೆಯಾ ನೋಡಿ ಅಂತ. ನನ್ನ ಹತ್ರ ಉಳಿದಿಲ್ಲ, ನನ್ನ ಹಳೇ ಫೋನನ್ನ ಇವರು ಪ್ಯಾಂಟಿನ ಜೊತೆ ಒಗೆದುಬಿಟ್ರು.”

ಈಗ ಎಲ್ಲರ ಕೈಯೂ ಜೇಬು ಮುಚ್ಚಿಕೊಂಡಿತು. ಫೈಲು ಕೊಟ್ಟರೆ ಅಕ್ಕ ತೆರೆದು ನೋಡುತ್ತಾಳೆ, ತೆರೆದರೆ ಇಷ್ಟು ದೊಡ್ಡ ಪರದೆಯ ಮೇಲೆ ಸೊಂಟ. ನೀವು ಕೊಡಿ ಎಂದು ಇವರು, ನೀವು ದೊಡ್ಡವರು ಎಂದು ಅವರು. ಕೊನೆಗೆ ಹೆಡ್‌ಮಿಸ್ಟ್ರೆಸ್ ಎದ್ದರು. ಯುದ್ಧಕ್ಕೆ ಹೊರಟಂತೆ ಸೆರಗು ಬಿಗಿದರು.

“ತಗೊಳ್ಳಿ. ಮೂವತ್ತು ವರ್ಷ ಮಕ್ಕಳಿಗೆ ಧೈರ್ಯ ಹೇಳಿಕೊಟ್ಟವಳು ನಾನು. ಇದಕ್ಕೆಲ್ಲ ಹೆದರಲ್ಲ.”

ಅಕ್ಕ ಫೈಲನ್ನು ತೆರೆದಳು. ಪರದೆಯ ಮೇಲೆ ಮೂಡಿದ ಸೊಂಟ ಕಂಡು ಸಭೆ ಬೆರಗಾಯಿತು. ಕಣಜದ ಹುಳುವಿನಂಥ ಸಪೂರ ಸೊಂಟ. ಬೀಗ ಒಡೆಯುವ ಸಾಫ್ಟ್‌ವೇರ್ ಎರಡೂ ಫೈಲುಗಳನ್ನು ಹೋಲಿಸಿ, ಯಾವ ದಾಕ್ಷಿಣ್ಯವೂ ಇಲ್ಲದೆ ಸಾರಿತು: ಎರಡೂ ಒಂದೇ ಅಲ್ಲ.

“ಮೇಡಂ, ಇದನ್ನ ತಿದ್ದಿದ್ದೀರಾ?”

“ತಿದ್ದೋದು ನನ್ನ ವೃತ್ತಿ,” ಎಂದರು ಹೆಡ್‌ಮಿಸ್ಟ್ರೆಸ್ ತಗ್ಗಿದ ದನಿಯಲ್ಲಿ. “ಡಾಕ್ಟರಿಗೆ ತೋರಿಸಬೇಕಿತ್ತು. ಸುಮ್ಮನೆ ಅವರಿಗೆ ಗಾಬರಿ ಯಾಕೆ ಅಂತ.”

ಇನ್ಸ್‌ಪೆಕ್ಟರು ಗಹಗಹಿಸಿ ನಕ್ಕರು. ನಗುವಿನ ಭರದಲ್ಲಿ ಫೋನು ಕೊಟ್ಟೇಬಿಟ್ಟರು. ಅವರ ಫೈಲೂ ಒಂದೇ ಅಲ್ಲ. ಸೊಂಟದಿಂದ ಕಳೆದದ್ದನ್ನು ಎದೆಗೆ ಕೂಡಿಸಿದ್ದರು. “ಒಟ್ಟು ಮೊತ್ತ ಸರಿ ಇದೆಯಲ್ಲ?” ಎಂದು ವಾದಿಸಿದರು. ಬೇಕರಿಯವರು ತಮ್ಮ ಫೈಲು ಕೊಡುವ ಮುನ್ನವೇ, “ನಾನೂ ಸ್ವಲ್ಪ,” ಎಂದು ಬೆರಳಲ್ಲಿ ಅಳೆದು ತೋರಿಸಿದರು. ಆಮೇಲೆ ಸಾಲುಗಟ್ಟಿ ಬಂದರು: ಒಬ್ಬಳು ಹಳೇ ಗೆಳತಿಗೆ ತೋರಿಸಲು ಇಳಿಸಿಕೊಂಡಿದ್ದಳು, ಒಬ್ಬ ಎತ್ತರಕ್ಕೆ ಅಂಗೈಯಗಲ ಸೇರಿಸಿಕೊಂಡಿದ್ದ, ತಾಳ ಬಾರಿಸುವವರು ಯಾರಿಗೂ ತೋರಿಸುವುದಕ್ಕಲ್ಲ, ಆಗಾಗ ತಾವೇ ನೋಡಿ ಸಂತೋಷಪಡಲು ತಿದ್ದಿಕೊಂಡಿದ್ದರು. ಮೂಲ ಪ್ರತಿಯನ್ನು ಪ್ರತಿಯೊಬ್ಬರೂ ನಾಮಾವಶೇಷವೂ ಉಳಿಯದಂತೆ ಅಳಿಸಿಹಾಕಿದ್ದರು. ಸಾಕ್ಷ್ಯನಾಶದಲ್ಲಿ ಆ ಬಡಾವಣೆಗೆ ಯಾವ ಭೂಗತಲೋಕವೂ ಸಾಟಿಯಿರಲಿಲ್ಲ.

ಒಬ್ಬರ ಗುಟ್ಟು ರಟ್ಟಾದಾಗ ನಾಚಿಕೆ, ಎಲ್ಲರದೂ ರಟ್ಟಾದಾಗ ಜಾತ್ರೆಯಂಥ ಗದ್ದಲ. ಹೆಡ್‌ಮಿಸ್ಟ್ರೆಸ್ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗದೆ ನಿಂತವಳು ಟೈಲರಮ್ಮ ಒಬ್ಬಳೇ. ಅವಳ ಮಳಿಗೆ ಒಂದೊಂದೇ ಫೈಲಿನ ಜೊತೆ ದೂರ ಸರಿಯುತ್ತಿತ್ತು.

“ಇನ್ಯಾರಿಗಾದ್ರೂ ಕಳಿಸಿದ್ದು ನೆನಪು ಮಾಡ್ಕೋ ತಾಯಿ,” ಎಂದಳು ರಿಪೇರಿ ಅಕ್ಕ.

ಟೈಲರಮ್ಮ ಯೋಚಿಸಿದಳು. “ಇನ್ನೊಬ್ಬರಿಗೆ ಕಳಿಸಿದ್ದೆ. ಇವರಿಗೆ.”

ಎಲ್ಲರೂ ಪುಕ್ಕಟೆರಾಯನ ಕಡೆ ತಿರುಗಿದರು.

“ನನಗಾ? ನನಗೆ ಏನೂ ಬಂದಿಲ್ಲ,” ಎಂದ ಅವನು.

ಅಕ್ಕ ಅವನ ಫೋನನ್ನು ಕಸಿದುಕೊಂಡಳು. ಲಾಟರಿಯವರು ಕಳಿಸಿದ್ದು, ಆಸ್ತಿ ಹಂಚುವ ಅನಾಮಿಕ ರಾಜಕುಮಾರರು ಕಳಿಸಿದ್ದು, ಕೂದಲು ಬೆಳೆಸುವ ಎಣ್ಣೆಯವರು ಕಳಿಸಿದ್ದು, ಎಲ್ಲವನ್ನೂ ಅವನು ತೆರೆದು ಓದಿ ಉತ್ತರವನ್ನೂ ಬರೆದಿದ್ದ. ಹೆಂಡತಿಯ ಹೆಸರಿನ ಎದುರು ಮಾತ್ರ, ಓದದೆ ಉಳಿದ ಸಂದೇಶಗಳು ಗುಡ್ಡೆ ಬಿದ್ದಿದ್ದವು.

“ಅದು, ಒಂದೇ ಮನೇಲಿ ಇರ್ತೀವಲ್ಲ,” ಎಂದು ಅವನು ತೊದಲಿದ. “ಬೇಕಾದ್ರೆ ಬಾಯಲ್ಲೇ ಹೇಳ್ತಾಳೆ ಅಂತ...”

ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಗುಡ್ಡೆಯನ್ನು ಕೆದಕುತ್ತ ಇಳಿದಳು. ‘ಮನೆ ಬೀಗದ ಕೈ ಅಮ್ಮನ ಹತ್ರ ಇದೆ’ ಎಂಬ ಸಂದೇಶ ದಾಟಿತು. ಅವತ್ತು ಅವನು ಮೆಟ್ಟಿಲ ಮೇಲೆ ಕೂತು ಇಡೀ ಸಂಜೆ ಹೆಂಡತಿಯನ್ನು ಬೈದುಕೊಂಡಿದ್ದ. ‘ಇವತ್ತು ಬೇಗ ಬನ್ನಿ, ಪಾಯಸ ಮಾಡಿದೀನಿ’ ದಾಟಿತು. ಅದರ ಕೆಳಗೆ ಸಿಕ್ಕಿತು ಅಳತೆಯ ಫೈಲು, ಬಂದಾಗ ಹೇಗಿತ್ತೋ ಹಾಗೆಯೇ, ಯಾರ ಬೆರಳೂ ಸೋಕದೆ. ಅದರ ಜೊತೆ ಎರಡು ಸಾಲು. ಅಕ್ಕ ಗಟ್ಟಿಯಾಗಿ ಓದಿದಳು:

“ರೀ, ನಿಮಗೊಂದು ಕೋಟು ಹೊಲಿಯೋಣ ಅಂತ. ಮಲಗಿದ್ದಾಗ ಅಳತೆ ತೆಗೆದಿದೀನಿ. ಬಟ್ಟೆ ನಂದೇ, ಕೂಲಿ ಇಲ್ಲ. ‘ಹೂಂ’ ಅನ್ನಿ, ಶುರು ಮಾಡ್ತೀನಿ.”

ಪುಕ್ಕಟೆರಾಯನ ಬಾಯಿ ತೆರೆದೇ ಇತ್ತು. ಜಗತ್ತಿನ ಪುಕ್ಕಟೆ ವಸ್ತುಗಳಿಗೆಲ್ಲ ಸಾಲಿನಲ್ಲಿ ನಿಂತ ಮನುಷ್ಯ. ಒಂದು ಇಡೀ ಕೋಟು, ಅಸ್ತರಿನ ಸಮೇತ, ಅವನ ಜೇಬಿನೊಳಗೇ ಎಷ್ಟೋ ಕಾಲದಿಂದ ಕಾದು ಕೂತಿತ್ತು.

“ಹೊಲಿದೆಯಾ?” ಎಂದು ಕೇಳಿದ.

“ನೀವು ‘ಹೂಂ’ ಅನ್ನಲಿಲ್ಲ. ಬೇಡವೇನೋ ಅಂತ ಆ ಬಟ್ಟೇಲಿ ಹೆಡ್‌ಮಿಸ್ಟ್ರೆಸ್ ಅವರ ಡ್ರಮ್ಮಿಗೆ ಗವಸು ಹೊಲಿದೆ.”

ಅಷ್ಟರಲ್ಲಿ ಫೈಲು ಪರದೆಗೆ ಬಂದಿತ್ತು. ಸೊಂಟದ ಅಂಕಿ ಕಂಡು ಬ್ಯಾಂಡಿನವರಿಗೆಲ್ಲ ತಮ್ಮ ತಮ್ಮ ಸೊಂಟದ ಮೇಲೆ ಪ್ರೀತಿ ಉಕ್ಕಿ ಬಂತು. ಬೀಗ ಒಡೆಯುವ ಸಾಫ್ಟ್‌ವೇರ್ ಎರಡನ್ನೂ ಹೋಲಿಸಿತು, ಸ್ವಲ್ಪ ಗುಣುಗುಣು ಎಂದಿತು, ಆಮೇಲೆ ಫೈಲುಗಳು ಕಡಲೆಬೀಜ ಬಿಡಿಸಿದಂತೆ ಪಟಪಟನೆ ತೆರೆದುಕೊಂಡವು. ಅಳತೆಗಳು, ತೋಳುಗಳು, ಕಾಲರುಗಳು, ಕೋಟಿನ ನಕ್ಷೆಗಳು. ಪ್ರಿಂಟರು ಕೆಮ್ಮುತ್ತ ಎದ್ದಿತು. ಇನ್ಸ್‌ಪೆಕ್ಟರು ಕಹಳೆ ಊದಿದರು. ಅದು ಸಂತೋಷಕ್ಕೋ, ತಮ್ಮ ನಿಜವಾದ ಅಳತೆಯನ್ನು ಯಾರೂ ಗಮನಿಸದಿರಲಿ ಎಂದೋ, ತಿಳಿಯಲಿಲ್ಲ. ಬೇಕರಿಯವರು ಮಳಿಗೆಯ ಕೀಲಿಯನ್ನು ತೆಗೆದು ಬಟ್ಟೆಯ ಥಾನಿನ ಮೇಲೆ ಇಟ್ಟು, “ಕೋಟು ನೋಡೋದೇನಿದೆ ಅಮ್ಮ, ನಮ್ಮ ನಿಜ ನೋಡಿಯೂ ಬಾಯಿ ಬಿಡದೆ ಇದ್ರಲ್ಲ, ಸಾಕು,” ಎಂದರು.

ಟೈಲರಮ್ಮ ಕೀಲಿಯ ಕಡೆ ಒಂದು ಸಲ ನೋಡಿದಳು. ನಕ್ಷೆ ಹಾಸಿ, ಸೀಮೆಸುಣ್ಣ ಎಳೆದು, ಕತ್ತರಿ ಹಿಡಿದಳು. ನೀಲಿ ಬಟ್ಟೆ ಸರ್ರನೆ ದಾರಿ ಬಿಟ್ಟಿತು.

ಪುಕ್ಕಟೆರಾಯ ಮೂಲೆಯಲ್ಲಿ ಗೋಡೆಗೆ ಒರಗಿ ತನ್ನ ಫೋನನ್ನು ತೆಗೆದ. ಹೆಂಡತಿಯ ಸಂದೇಶದ ಕೆಳಗೆ, ಎರಡು ಸಲ ಅಳಿಸಿ, ಮೂರನೆಯ ಸಲ ನಿಧಾನವಾಗಿ ಬರೆದ: ‘ಹೂಂ.’ ಕಳಿಸಿದ.

ಮೇಜಿನ ಮೇಲೆ, ಬಟ್ಟೆಯ ಚೂರುಗಳ ನಡುವೆ ಅವಳ ಫೋನು ಟಿಣ್ ಎಂದಿತು.

“ಯಾರದೋ ಮೆಸೇಜು ಕಣೇ,” ಎಂದರು ಅತ್ತೆ.

“ಇರಲಿ ಬಿಡಮ್ಮ, ಆಮೇಲೆ ನೋಡ್ತೀನಿ,” ಎಂದು ಅವಳು ಕತ್ತರಿಸುತ್ತಲೇ ಹೋದಳು.